ಜ್ವಾಲೆಯಿಲ್ಲದ ಬೆಂಕಿ

ಈಚೆಗೆ ಕಾರವಾರದ ಬೈತಖೋಲ ಬಂದರಿಗೆ ಹೋದಾಗ, ದೋಣಿಯ ಮೇಲೆ ಕುಳಿತ ತರುಣನೊಬ್ಬ ದಪ್ಪ ಪೆನ್ನಿನಂತಹ ಉಪಕರಣದಿಂದ ತಂತಿಗಳಿಗೆ ಬೆಸುಗೆ ಹಾಕುತ್ತಿದ್ದುದನ್ನು ಕಂಡೆ. ಅದಕ್ಕೆ ಕರೆಂಟಿನ ವೈರು ಇರಲಿಲ್ಲ; ಜ್ವಾಲೆಯೂ ಕಾಣಲಿಲ್ಲ. ಕಡಲಗಾಳಿ ಬೀಸುತ್ತಿದ್ದರೂ ಬೆಸುಗೆ ಕರಗುತ್ತಿತ್ತು. ಅಂಕೋಲೆಯ ನನ್ನ ತರಗತಿಯೂ, ಅಲ್ಲಿ ನಾನು ಮಾಡಿದ ತಪ್ಪೊಂದೂ ನೆನಪಾದವು.

ನಮ್ಮ ಬಾಲ್ಯದಲ್ಲಿ ಲೋಹ ಕಾಯಿಸುವುದೆಂದರೆ ಇದ್ದಿಲು. ಕಲಾಯಿಯವರು ಕೇರಿಗೆ ಬಂದು, ನೆಲದಲ್ಲಿ ಕುಳಿ ತೋಡಿ, ತಿದಿಯೊತ್ತಿ, ಕಾದ ತಾಮ್ರದ ಪಾತ್ರೆಗೆ ನವಸಾಗರ ಉದುರಿಸಿ ತವರವನ್ನು ಅರಿವೆಯಿಂದ ಸವರುತ್ತಿದ್ದರು. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮುಂದೆ ರೇಡಿಯೋ ಅಂಗಡಿಗಳಿಗೆ ವಿದ್ಯುತ್ ಕಡ್ಡಿ ಬಂದಿತು. ಆದರೆ ನಮ್ಮ ಮಳೆಗಾಲವನ್ನು ಬಲ್ಲವರಿಗೆ ಕರೆಂಟಿನ ಕತೆ ಹೇಳಬೇಕಾಗಿಲ್ಲ!

ಜ್ವಾಲೆಯಿಲ್ಲದ ದಹನ ಹೊಸದಲ್ಲ. ಗಣಿದೀಪದ ಸಂಶೋಧನೆಯಲ್ಲಿ ತೊಡಗಿದ್ದ ಹಂಫ್ರಿ ಡೇವಿ, ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಕಾದ ಪ್ಲಾಟಿನಂ ತಂತಿಯು ಜ್ವಾಲೆಯಿಲ್ಲದೆಯೇ ಕೆಂಪಗೆ ಹೊಳೆಯುತ್ತಿರುವುದನ್ನು 1817ರಲ್ಲಿ ಪ್ರಕಟಿಸಿದನು. 1823ರಲ್ಲಿ ಜರ್ಮನಿಯ ಡೋಬರೈನರ್ ಜಲಜನಕವನ್ನು ಪ್ಲಾಟಿನಂ ಮೇಲೆ ಹಾಯಿಸಿ, ಕಡ್ಡಿ ಗೀರದೆ ಬೆಂಕಿ ಹೊತ್ತಿಸಿದನು. ಇಂತಹ ಕ್ರಿಯೆಗೆ 1835ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಹೆಸರಿಟ್ಟನು. ಜಪಾನಿನಲ್ಲಿ 1923ರ ಸುಮಾರಿಗೆ ಇದೇ ತತ್ತ್ವದ, ಜೇಬಿನಲ್ಲಿಟ್ಟುಕೊಳ್ಳುವ ಕೈಬಿಸಿ ಡಬ್ಬಿ ಬಂದಿತು. ಬ್ಯೂಟೇನ್ ತುಂಬುವ ಪೋರ್ಟಾಸಾಲ್ ಬೆಸುಗೆ ಕಡ್ಡಿ ಐರ್ಲೆಂಡಿನಲ್ಲಿ 1980ರ ದಶಕದ್ದು. ಮೊದಲು ಪುಟ್ಟ ಜ್ವಾಲೆ ಒಳಗಿನ ಪ್ಲಾಟಿನಂ ಲೇಪವನ್ನು ಕಾಯಿಸುತ್ತದೆ. ಅದು ಆರಿದ ಮೇಲೂ ಅನಿಲವು ಆ ಲೇಪದ ಮೇಲೆ ಆಮ್ಲಜನಕದೊಡನೆ ಕೂಡುತ್ತಲೇ ಇರುತ್ತದೆ. ಪ್ಲಾಟಿನಂ ಮಾತ್ರ ವ್ಯಯವಾಗುವುದಿಲ್ಲ. (ಬಿಸಿ ಹೊಗೆ ಪಕ್ಕದ ರಂಧ್ರದಿಂದ ಹೊರಬರುವುದರಿಂದ ಅದನ್ನು ಬಟ್ಟೆಯ ಮೇಲೆ ಇಡಬಾರದು.)

1990ರ ದಶಕದ ಕೊನೆಯಲ್ಲಿ, ದಹನದ ಪಾಠ ನಡೆದಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ನಮ್ಮ ಮಾಮನ ರೇಡಿಯೋ ಅಂಗಡಿಯಲ್ಲಿ ಗ್ಯಾಸಿನ ಕಡ್ಡಿ ಉಂಟು. ಬೆಂಕಿ ಆರಿದ ಮೇಲೂ ಒಳಗೆ ಕೆಂಪಗೆ ಉರಿಯುತ್ತಲೇ ಇರ್ತದೆ. ಅದು ಹೇಗೆ?" ಎಂದನು.

"ಆರಿದ್ದು ಉರಿಯುವುದೆಂತೋ? ಕೂತ್ಕೋ!" ಎಂದೆ. ತರಗತಿ ನಕ್ಕಿತು. ಅವನು ತಲೆತಗ್ಗಿಸಿ ಕುಳಿತನು. ಆ ವರ್ಷ ಮತ್ತೆ ಪ್ರಶ್ನೆ ಕೇಳಲಿಲ್ಲ.

ಕೆಲವು ವಾರಗಳ ನಂತರ ಅದೇ ತರಗತಿಯಲ್ಲಿ, ಅದೇ ಹುಡುಗನ ಎದುರಿಗೆ, ವೇಗವರ್ಧಕದ ವ್ಯಾಖ್ಯೆಯನ್ನು ಬರೆಯಿಸಿದೆ. ಪ್ಲಾಟಿನಂ ಹೆಸರನ್ನೂ ಉದಾಹರಣೆಯಾಗಿ ಹೇಳಿದೆ. ಅವನು ಕೇಳಿದ್ದಕ್ಕೆ ಉತ್ತರ ಅದರಲ್ಲಿಯೇ ಇತ್ತೆಂಬುದು ಆಗಲೂ ನನಗೆ ಹೊಳೆಯಲಿಲ್ಲ. ಹೊಳೆದದ್ದು ಬಹಳ ವರ್ಷಗಳ ಮೇಲೆ, ಡೇವಿಯ ಕುರಿತು ಓದುತ್ತಿದ್ದಾಗ. ಅಷ್ಟರಲ್ಲಿ ಅವನು ಶಾಲೆ ಬಿಟ್ಟು ಹೋಗಿದ್ದನು.

ಅವನು ಈ ಪುಟವನ್ನು ಓದುವನೋ ಇಲ್ಲವೋ. ಓದಿದರೆ ಹೇಳಬೇಕಾದದ್ದು ಇಷ್ಟು: ತಮ್ಮಾ, ಅಂದು ನೀನು ಕಂಡದ್ದು ಸರಿಯಾಗಿತ್ತು.