ವಿಜಯಪುರದ ಗೋಡೆಗಳ ಮೇಲಿನ ಗೃಹೋಪಕರಣಗಳು

ವಿಜಯಪುರದ ಆದಿಲಶಾಹಿ ಕಟ್ಟಡಗಳನ್ನು ಕುರಿತು ಬರೆದವರು ಗುಮ್ಮಟಗಳ ಅಳತೆಯನ್ನೂ ಕಮಾನುಗಳ ರೀತಿಯನ್ನೂ ವಿಸ್ತಾರವಾಗಿ ವಿವೇಚಿಸಿರುವರು. ಆ ಅರಮನೆಗಳ ಒಳಗೆ ಏನೇನಿದ್ದಿತು, ಅರಸರು ಯಾವುದರ ಮೇಲೆ ಕುಳಿತರು, ಗ್ರಂಥಗಳನ್ನೂ ಹೂದಾನಿಗಳನ್ನೂ ಎಲ್ಲಿರಿಸಿದರು ಎಂಬ ಪ್ರಶ್ನೆಯನ್ನೆತ್ತಿದವರು ವಿರಳ. ಅದಕ್ಕೆ ಕಾರಣವೂ ಉಂಟು. ಕ್ರಿ. ಶ. 1561ರಲ್ಲಿ ಕಟ್ಟಿದ ಗಗನಮಹಲಿನಲ್ಲಿ ಇಂದು ಸಾಮಗ್ರಿಯ ಮಾತಂತಿರಲಿ, ಚಾವಣಿಯೇ ಉಳಿದಿಲ್ಲ.

ಇಂಗ್ಲೆಂಡಿನ ಸಿರಿವಂತರ ಹಳ್ಳಿಯ ಮಹಲುಗಳ ಚರಿತ್ರೆಯನ್ನು ಬರೆಯುವವರಿಗೆ ಈ ಕಷ್ಟವಿಲ್ಲ. ಲಂಡನಿನ ಬಳಿಯ ಆಸ್ಟರ್ಲಿ ಎಂಬ ಮನೆಯಲ್ಲಿ ರಾಬರ್ಟ್ ಆಡಮನೆಂಬ ಶಿಲ್ಪಿಯು 1770ರ ದಶಕದಲ್ಲಿ ಒಂದು ಕೋಣೆಯ ಗೋಡೆಗಳಿಗೆ ಪ್ರಾಚೀನ ಕಲಶಗಳ ಮಾದರಿಯ ಚಿತ್ರಗಳನ್ನು ಬರೆಯಿಸಿ, ಅವಕ್ಕೆ ಒಪ್ಪುವಂತೆ ಕುರ್ಚಿಗಳಿಗೂ ಅದೇ ಬಣ್ಣವನ್ನು ಹಾಕಿಸಿದನು. ಅಲ್ಲಿ ಗೋಡೆಯೂ ಉಳಿದಿದೆ, ಕುರ್ಚಿಯೂ ಉಳಿದಿದೆ. ಒಂದರಿಂದ ಮತ್ತೊಂದನ್ನು ತಿಳಿಯಬಹುದು. ನಮ್ಮಲ್ಲಿ ಉಳಿದಿರುವುದು ಗೋಡೆ ಮಾತ್ರ. ಆದರೆ ಆ ಗೋಡೆಯು ಮೂಕವಲ್ಲವೆಂಬುದೇ ನನ್ನ ಅಭಿಪ್ರಾಯ.

ಮೊದಲು ಒಂದು ಮಾತನ್ನು ನೆನಪಿಡತಕ್ಕದ್ದು. ದಖ್ಖಣದ ಅರಮನೆಯಲ್ಲಿ ಮೇಜು, ಕುರ್ಚಿ, ಕಪಾಟುಗಳನ್ನು ಹುಡುಕುವುದು ವ್ಯರ್ಥ. ನೆಲದ ಮೇಲೆ ಗಾಲಿಚೆ, ಅದರ ಮೇಲೆ ಗಾದಿ ಮತ್ತು ಲೋಡು. ಮಿಕ್ಕದ್ದಕ್ಕೆಲ್ಲ ಗೋಡೆಯಲ್ಲಿ ಬಿಟ್ಟ ಗೂಡುಗಳು. ಬಬಲೇಶ್ವರ, ಟಿಕೋಟೆಗಳ ಕಡೆಯ ಹಳೆಯ ಮನೆಗಳ ದಪ್ಪಗೋಡೆಗಳಲ್ಲಿ ದೀಪಕ್ಕೂ ಪಾತ್ರೆಗೂ ಬಿಟ್ಟಿರುವ ಮಾಡಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕಪಾಟು ಗೋಡೆಯೊಳಗೇ ಇದ್ದಿತು. ಆದುದರಿಂದ ಗೂಡಿನ ಚಿತ್ರವನ್ನು ಬರೆದವನು ಕಪಾಟಿನ ಚಿತ್ರವನ್ನೇ ಬರೆದಂತಾಯಿತು.

ಇಂಥ ಚಿತ್ರಗಳಲ್ಲಿ ಪ್ರಧಾನವಾದುದು ಜಾಮಿ ಮಸೀದಿಯ ಮಿಹರಾಬು. ಚಿನ್ನದ ಲೇಪದಿಂದಲೂ ಬಣ್ಣಗಳಿಂದಲೂ ತುಂಬಿರುವ ಆ ಭಾಗದಲ್ಲಿ ಪುಸ್ತಕಗಳನ್ನಿಟ್ಟ ಗೂಡುಗಳು, ಹೂಗಳನ್ನಿಟ್ಟ ಹೂದಾನಿಗಳು, ಸರಪಳಿಗಳಿಂದ ತೂಗಿದ ಧೂಪಪಾತ್ರೆಗಳು ಕಾಣುತ್ತವೆ. ನಿಜವಾದ ಗೂಡೆಂದು ಕೈ ನೀಡುವಂತಿದೆ! ನಡುನಡುವೆ ಬಾಳಿನ ಅಸ್ಥಿರತೆಯನ್ನು ಸಾರುವ ಪಾರಸಿ ವಾಕ್ಯಗಳಿರುವುವು. ಈ ಅಲಂಕಾರವನ್ನು ಮುಹಮ್ಮದ ಆದಿಲಶಾಹನ ಅಪ್ಪಣೆಯಂತೆ ಮಸೀದಿಯ ಸೇವಕನಾದ ಮಲಿಕ ಯಾಕೂಬನು ಹಿಜರಿ ಶಕ 1045ರಲ್ಲಿ, ಎಂದರೆ ಕ್ರಿ. ಶ. 1636ರ ಸುಮಾರಿಗೆ ಮಾಡಿಸಿದನೆಂದು ಅಲ್ಲಿಯ ಲಿಪಿಯೇ ಹೇಳುತ್ತದೆ.

ಇದಾದ ಹತ್ತು ವರ್ಷಗಳ ಮೇಲೆ, 1646ರ ಸುಮಾರಿಗೆ, ಅದೇ ಅರಸನು ದಾದಮಹಲೆಂಬ ನ್ಯಾಯಮಂದಿರವನ್ನು ಕಟ್ಟಿಸಿದನು. ಪೈಗಂಬರರ ಕೇಶವನ್ನು ಅಲ್ಲಿರಿಸಿದ ಮೇಲೆ ಅದು ಅಸಾರಮಹಲೆನಿಸಿತು. ಮರದ ಕೆಲಸದೊಡನೆ ಈ ಒಂದು ಮಹಲು ಉಳಿದುಬಂದುದಕ್ಕೆ ಆ ಭಕ್ತಿಯೇ ಕಾರಣವೆಂದು ತೋರುತ್ತದೆ. ಅದರ ಮೇಲಂತಸ್ತಿನ ಒಂದು ಕೋಣೆಯ ಗೋಡೆಗಳಲ್ಲಿ ಹೂಬಳ್ಳಿ ತುಂಬಿದ ಕಲಶಗಳಿವೆ. ಮತ್ತೊಂದರಲ್ಲಿ ಸ್ತ್ರೀಪುರುಷರ ಆಕೃತಿಗಳಿದ್ದು ಬಹಳ ಕೆಟ್ಟಿವೆ. ಇವುಗಳ ರೀತಿಯನ್ನು ನೋಡಿ ಯುರೋಪಿನ ಚಿತ್ರಕಾರನೇ ಬರೆದಿರಬೇಕೆಂದು ಊಹಿಸಿದವರುಂಟು.

ಆ ಊಹೆಯು ನಿರಾಧಾರವಲ್ಲ. ಹಾಲೆಂಡಿನ ಹಾರ್ಲೆಮ್ ಪಟ್ಟಣದ ಕಾರ್ನೆಲಿಸ್ ಹೇಡಾ ಎಂಬ ಚಿತ್ರಕಾರನು 1610ರ ಸುಮಾರಿಗೆ ಎರಡನೆಯ ಇಬ್ರಾಹೀಮನ ಆಸ್ಥಾನಕ್ಕೆ ಬಂದು ನೌರಸಪುರದಲ್ಲಿ ನೆಲಸಿದ್ದನು. ಆ ಊರಿನ ಅವಶೇಷಗಳು ಟಿಕೋಟೆಯ ದಾರಿಯಲ್ಲಿ, ನಮ್ಮ ಕುಮಾರವಾಲ್ಮೀಕಿಯ ತೊರವಿಯ ಬಳಿ ಈಗಲೂ ಇವೆ. ಆದರೆ ಹೇಡಾನು ಮುಹಮ್ಮದನು ಪಟ್ಟವೇರಿದ 1627ಕ್ಕೆ ಮೊದಲೇ ಗತಿಸಿದನು. ಅದಕ್ಕಿಂತ ಮುಖ್ಯವಾದುದೇನೆಂದರೆ, ಅಸಾರಮಹಲಿನ ಕಲಶಗಳ ಒಡಹುಟ್ಟುಗಳು ಹತ್ತು ವರ್ಷ ಮೊದಲೇ ಮಿಹರಾಬಿನಲ್ಲಿವೆ; ಅಲ್ಲಿ ಹೆಸರು ಕಾಣಿಸಿರುವವನು ಮಲಿಕ ಯಾಕೂಬನು. ಪರದೇಶದ ಮಾದರಿ ಬಂದಿರಬಹುದು. ಅದನ್ನು ತನ್ನದನ್ನಾಗಿ ಮಾಡಿಕೊಂಡ ಕೈ ಈ ಊರಿನದೇ ಆಗಿರಬೇಕು.

ನಿಜವಾದ ಸಾಮಗ್ರಿ ಎಲ್ಲಿಗೆ ಹೋಯಿತು? 1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದ ಮೇಲೆ ಜಾಮಿ ಮಸೀದಿಯ ಮಕಮಲ್ಲಿನ ಗಾಲಿಚೆಗಳನ್ನೂ ಚಿನ್ನದ ಸರಪಳಿಯನ್ನೂ ಒಯ್ದು, ಅವುಗಳ ಬದಲಿಗೆ ನೆಲದ ಮೇಲೆ 2000ಕ್ಕೂ ಮಿಕ್ಕ ಪ್ರಾರ್ಥನೆಯ ಚೌಕಗಳನ್ನು ಬರೆಯಿಸಿದನೆಂದು ಪ್ರತೀತಿಯಿದೆ. ಪ್ರತೀತಿಯು ಹೇಗೇ ಇರಲಿ, ಚೌಕಗಳು ಇವೆ. ಗಾಲಿಚೆಯ ಸ್ಥಾನದಲ್ಲಿ ಗಾಲಿಚೆಯ ರೇಖೆ! ಅಸಾರಮಹಲಿನ ಗ್ರಂಥಗಳು 1853ರಲ್ಲಿ ಲಂಡನಿಗೆ ಹೋದುವು. ಅಲ್ಲಿಯ ಕೆಲವು ಗಾಲಿಚೆಗಳು ಮಾತ್ರ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಉಳಿದಿವೆ. ಗ್ರಂಥಗಳಿಲ್ಲದ ಊರಿನಲ್ಲಿ ಗ್ರಂಥಗಳ ಗೂಡಿನ ಚಿತ್ರವು ಉಳಿದಿರುವುದನ್ನು ನೋಡಿದರೆ ಮನಸ್ಸಿಗೆ ಒಂದು ಬಗೆಯಾಗುತ್ತದೆ.

ಚಿತ್ರವಾದರೂ ಎಷ್ಟು ದಿನ? ನಗರದ ಪೂರ್ವಕ್ಕಿರುವ ಕುಮಟಗಿಯ ಜಲಮಂದಿರಗಳ ಗೋಡೆಗಳಲ್ಲಿ ಕುದುರೆಯ ಮೇಲೆ ಚೆಂಡಾಡುವವರು, ಜಟ್ಟಿಗಳು, ಯುರೋಪಿನ ಉಡುಪಿನವರು ಮೊದಲಾದ ಚಿತ್ರಗಳಿದ್ದುವು. ಹೆನ್ರಿ ಕಸಿನ್ಸರು ಅವುಗಳ ಪ್ರತಿಗಳನ್ನು ತೆಗೆದು 1916ರ ತಮ್ಮ ದೊಡ್ಡ ಗ್ರಂಥದಲ್ಲಿ ಅಚ್ಚು ಹಾಕಿಸಿದರು. ಗೋಡೆಗಳ ಮೇಲಿನ ಮೂಲವು ಬಹುಮಟ್ಟಿಗೆ ಮಾಸಿಹೋಗಿದೆ. ಜಟ್ಟಿಗಳ ಪಟ್ಟುಗಳನ್ನು ತಿಳಿಯಬೇಕೆಂಬವರು ಈಗ ಕುಮಟಗಿಗೆ ಹೋಗುವುದಕ್ಕಿಂತ ಕಸಿನ್ಸರ ಪುಟಗಳನ್ನು ತೆರೆಯುವುದೇ ಮೇಲು.