ಆರು ಜನ ಒಪ್ಪಿದರು, ಐದೇ ಆಗಿದ್ದರೆ?

ನಾನು ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯವನು. ನಮ್ಮ ಕಡೆ, ಅಂದ್ರೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲೇ ಇತ್ತು. ಹಂಗಾಗಿ ಇವತ್ತಿನ ಕಥೆ ನಡೆದದ್ದು ಮದ್ರಾಸ್ ಹೈಕೋರ್ಟಲ್ಲಾದರೂ, ಅದು ಆಗ ನಮ್ಮದೇ ಹೈಕೋರ್ಟು.

1944ರ ನವೆಂಬರ್. ಲಕ್ಷ್ಮೀಕಾಂತನ್ ಅನ್ನೋ ಪತ್ರಕರ್ತನಿಗೆ ಮದ್ರಾಸಿನಲ್ಲಿ ಯಾರೋ ಚಾಕು ಹಾಕಿದರು. ಮರುದಿನ ತೀರಿಕೊಂಡ. ಸಿನಿಮಾದವರ ಗುಟ್ಟು ಬರೆದೇ ಪತ್ರಿಕೆ ಮಾರುತ್ತಿದ್ದ ಮನುಷ್ಯ. ಆರೋಪಿಗಳಲ್ಲಿ ಇಬ್ಬರು ಸ್ಟಾರ್‌ಗಳು: ಗಾಯಕ-ನಟ ತ್ಯಾಗರಾಜ ಭಾಗವತರ್, ಹಾಸ್ಯನಟ ಎನ್.ಎಸ್. ಕೃಷ್ಣನ್.

ತೀರ್ಪು ಹೇಳಬೇಕಾದವರು 9 ಜನರ ಜೂರಿ. ಕಾನೂನು ಓದಿದವರಲ್ಲ, ನಮ್ಮ-ನಿಮ್ಮಂಥವರು. ಒಮ್ಮತ ಬರದಿದ್ದರೆ ಏನು ಮಾಡ್ಬೇಕು? 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನ 305ನೇ ಸೆಕ್ಷನ್ ಲೆಕ್ಕ ಹಾಕಿಟ್ಟಿತ್ತು. ಕನಿಷ್ಠ 6 ಜನ ಒಂದೇ ಮಾತು ಹೇಳಿ, ಜಡ್ಜೂ ಒಪ್ಪಿದರೆ ಅದೇ ತೀರ್ಪು. ಜಡ್ಜ್ ಒಪ್ಪದಿದ್ದರೆ ಜೂರಿಯನ್ನು ತಕ್ಷಣ ವಿಸರ್ಜಿಸಬೇಕು. 6 ಜನವೂ ಕೂಡದಿದ್ದರೆ, ಸಾಕಷ್ಟು ಹೊತ್ತು ಕಾದು ನೋಡಿ ಮನೆಗೆ ಕಳಿಸಬೇಕು. ಎಷ್ಟು ಹೊತ್ತು ಸಾಕು ಅನ್ನೋದು ಜಡ್ಜಿಗೆ ಬಿಟ್ಟದ್ದು.

ಜೂರಿ ಮನೆಗೆ ಹೋದರೂ ಆರೋಪಿ ಪಾರಾಗಲಿಲ್ಲ, ಗಮನಿಸಿ. ಜೈಲಲ್ಲೋ ಜಾಮೀನಲ್ಲೋ ಇರಬೇಕು, ಹೊಸ ಜೂರಿ ಮುಂದೆ ಮತ್ತೆ ಮೊದಲಿಂದ ವಿಚಾರಣೆ. ಇನ್ನು ಮರುವಿಚಾರಣೆ ಬೇಡ ಅಂತ ಜಡ್ಜ್ ಚಾರ್ಜಿನ ಮೇಲೆ ಬರೆದರೆ ಮಾತ್ರ ಖುಲಾಸೆ.

ಈ ಅಧಿಕಾರ ಇಂಗ್ಲೆಂಡಿನಲ್ಲೂ ಸುಲಭವಾಗಿ ಬಂದಿರಲಿಲ್ಲ. ಒಂದು ಕಾಲಕ್ಕೆ ಒಮ್ಮತ ಆಗೋವರೆಗೂ ಜೂರಿಗೆ ಊಟ, ಚಳಿಗೆ ಬೆಂಕಿ ಎರಡೂ ಇಲ್ಲ! ಮಗುವಿನ ಕೊಲೆ ಆರೋಪದ ಶಾರ್ಲೆಟ್ ವಿನ್ಸರ್ ಕೇಸಲ್ಲಿ ಜೂರಿ ಒಪ್ಪಲಿಲ್ಲ, ಜಡ್ಜ್ ವಿಸರ್ಜಿಸಿದರು, ಎರಡನೇ ಜೂರಿ ತಪ್ಪಿತಸ್ಥೆ ಅಂದಿತು. ಒಬ್ಬಳನ್ನೇ ಎರಡು ಸಲ ವಿಚಾರಿಸೋದು ಸರಿಯಾ ಅನ್ನೋ ವಾದ ಮೇಲಿನ ಕೋರ್ಟಿಗೆ ಹೋಗಿ, ಜಡ್ಜಿಗೆ ಆ ಅಧಿಕಾರ ಇದೆ ಅಂತ 1866ರಲ್ಲಿ ತೀರ್ಮಾನವಾಯ್ತು.

ಈಗ ಮದ್ರಾಸಿಗೆ ಬನ್ನಿ. 1945ರ ಮೇನಲ್ಲಿ ಭಾಗವತರ್ ಜೂರಿ ಹೇಳಿದ್ದು 6-3, ತಪ್ಪಿತಸ್ಥರು. ಜಡ್ಜ್ ಒಪ್ಪಿದರು, ಜೀವಾವಧಿ ಗಡೀಪಾರು ಶಿಕ್ಷೆ. ಆ ಆರರಲ್ಲಿ ಒಬ್ಬ ಆಚೆ ಸರಿದಿದ್ದರೆ 5-4, ಜೂರಿ ವಿಸರ್ಜನೆ! ನನ್ನನ್ನ ಕೇಳಿದರೆ, 9ರಲ್ಲಿ 3 ಜನಕ್ಕೆ ಅನುಮಾನ ಇದ್ದಾಗ ಒಬ್ಬನನ್ನ ಇಡೀ ಜೀವಮಾನ ಒಳಗೆ ಹಾಕೋದು ಭಾರಿ ಧೈರ್ಯದ ಕೆಲಸ. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್ ಮೆಟ್ಟಿಲು ಹತ್ತಿ, ವಾಪಸ್ ಮದ್ರಾಸಿಗೆ ಬಂದು, 1947ರ ಏಪ್ರಿಲ್‌ನಲ್ಲಿ ಇಬ್ಬರೂ ಖುಲಾಸೆಯಾದರು. ಅಷ್ಟರಲ್ಲಿ ಎರಡು ವರ್ಷಕ್ಕೂ ಮೇಲೆ ಜೈಲಲ್ಲಿ ಕಳೆದಿತ್ತು. ಕೃಷ್ಣನ್ ಮತ್ತೆ ತೆರೆ ಮೇಲೆ ನಿಂತರು. ಭಾಗವತರ್ ಸಿನಿಮಾ ಮಾಡಿದರು, ಆದ್ರೆ ಹಳೇ ವೈಭವ ತಿರುಗಿ ಬರಲಿಲ್ಲ.

ಜಿಲ್ಲೆಗಳ ಸೆಷನ್ಸ್ ಕೋರ್ಟಲ್ಲಿ ನಿಯಮ ಬೇರೆ. ಜೂರಿ ಬೇಕೋ ಬೇಡವೋ ಅನ್ನೋದನ್ನ ಜಿಲ್ಲೆವಾರು ಸರ್ಕಾರವೇ ಆದೇಶ ಮಾಡುತ್ತಿತ್ತು. ಜೂರಿ ಮಾತು ಜಡ್ಜಿಗೆ ಸರಿ ಕಾಣದಿದ್ದರೆ ಕೇಸನ್ನೇ ಹೈಕೋರ್ಟಿಗೆ ಕಳಿಸಬಹುದಿತ್ತು. 1959ರಲ್ಲಿ ಬಾಂಬೆಯ ನಾನಾವತಿ ಕೇಸಲ್ಲಿ ಆಗಿದ್ದು ಅದೇ: 8-1ರಲ್ಲಿ ಜೂರಿ ಬಿಟ್ಟುಬಿಟ್ಟವನಿಗೆ ಹೈಕೋರ್ಟ್ ಶಿಕ್ಷೆ ಕೊಟ್ಟಿತು. 1974ರ ಏಪ್ರಿಲ್ 1ಕ್ಕೆ ಹೊಸ ಸಂಹಿತೆ ಜಾರಿಗೆ ಬಂದಾಗ ಅದರಲ್ಲಿ ಜೂರಿಗೆ ಜಾಗವೇ ಇರಲಿಲ್ಲ.