ಫೇರ್ ಅಂಡ್ ಲವ್ಲಿ ಹೋಗಿ ಗ್ಲೋ ಅಂಡ್ ಲವ್ಲಿ ಬಂತು: 50 ವರ್ಷದಲ್ಲಿ ಬದಲಾಗಿದ್ದೇನು, ಬದಲಾಗದೇ ಉಳಿದಿದ್ದೇನು?

ಪ್ಯಾಕೆಟ್ ಮೇಲಿನ ಹೆಸರು ಬದಲಾಗಿ ಐದು ವರ್ಷ ದಾಟಿತು. ಆದ್ರೂ ಅಂಗಡಿ ಕೌಂಟರ್‌ನಲ್ಲಿ ಜನ ಕೇಳೋದು ಇನ್ನೂ "ಒಂದು ಫೇರಂಡ್‌ಲವ್ಲಿ ಕೊಡಿ" ಅಂತಲೇ. ಅಂಗಡಿಯವರೂ ಮರುಮಾತಿಲ್ಲದೆ ಗ್ಲೋ ಅಂಡ್ ಲವ್ಲಿ ತೆಗೆದು ಕೊಡ್ತಾರೆ. ಯಾವ ಕ್ರೀಮ್ ಕೇಳಿದ್ರೂ "ಫೇರಂಡ್‌ಲವ್ಲಿ" ಅನ್ನೋವಷ್ಟು ಬೇರೂರಿದ ಹೆಸರನ್ನು ಕಂಪನಿಯೇ ಕೈಬಿಟ್ಟಿದ್ದು ಯಾಕೆ? ಒಳಗಿನ ಮಾಲು ಅದೇನಾ? ಅಂಗಡಿಯವರು, ಗಿರಾಕಿಗಳು ಇಬ್ಬರೂ ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

1975: ಶುರುವಾತು

ಹಿಂದೂಸ್ತಾನ್ ಲಿವರ್ ಕಂಪನಿ ಫೇರ್ ಅಂಡ್ ಲವ್ಲಿಯನ್ನು ಮಾರುಕಟ್ಟೆಗೆ ತಂದದ್ದು 1975ರಲ್ಲಿ. ಇದೇ ಕಂಪನಿ 2007ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ಆಯ್ತು. ಅದಕ್ಕೂ ಮುಂಚೆ ಸ್ನೋ, ಪೌಡರ್ ಇದ್ದವು. ಅವು ಹಚ್ಚಿದಾಗ ಮುಖ ಬೆಳ್ಳಗೆ ಕಾಣುತ್ತಿತ್ತು, ತೊಳೆದರೆ ಹೋಗುತ್ತಿತ್ತು. ಈ ಕ್ರೀಮ್ ಹೇಳಿದ್ದು ಬೇರೆ ಮಾತು: ದಿನಾ ಹಚ್ಚಿದರೆ ಚರ್ಮದ ಬಣ್ಣವೇ ತಿಳಿಯಾಗುತ್ತೆ ಅಂತ.

ಆಮೇಲೆ ಟ್ಯೂಬ್ ಜೊತೆ ಚಿಕ್ಕ ಸ್ಯಾಶೆಯೂ ಬಂತು. ದೊಡ್ಡ ಟ್ಯೂಬ್‌ಗೆ ದುಡ್ಡು ಹಾಕಲಾಗದವರೂ ಜಾತ್ರೆಗೋ ಮದುವೆಗೋ ಒಂದು ಸ್ಯಾಶೆ ಕೊಳ್ಳುವಂತಾಯ್ತು. ಹಳ್ಳಿಯ ಗೂಡಂಗಡಿಯಲ್ಲೂ ಶಾಂಪೂ ಸರದ ಪಕ್ಕ ಇದರ ಸರ ತೂಗಾಡತೊಡಗಿತು.

ಜಾಹೀರಾತು ಬದಲಾದ ಬಗೆ

ಮೊದಮೊದಲು ಜಾಹೀರಾತಿನಲ್ಲಿ ಇದ್ದದ್ದು ಮದುವೆ. ಬಣ್ಣ ತಿಳಿಯಾದ ಮೇಲೆ ಗಂಡು ಒಪ್ಪುತ್ತಾನೆ ಅನ್ನೋ ಕಥೆ. 2000ದ ಹೊತ್ತಿಗೆ ಮದುವೆ ಜಾಗಕ್ಕೆ ಕೆಲಸ ಬಂತು. ಕ್ರೀಮ್ ಹಚ್ಚಿದ ಹುಡುಗಿ ಗಗನಸಖಿ ಆಗ್ತಾಳೆ, ಕ್ರಿಕೆಟ್ ಕಾಮೆಂಟೇಟರ್ ಆಗ್ತಾಳೆ. ಗಗನಸಖಿ ಜಾಹೀರಾತಿನಲ್ಲಿ ಅಪ್ಪನಿಗೆ ಮಗ ಇಲ್ಲವಲ್ಲ ಅನ್ನೋ ಕೊರಗು, ಮಗಳು ಬೆಳ್ಳಗಾದ ಮೇಲೆ ಸಂಬಳ ತಂದು ಆ ಕೊರಗು ನೀಗಿಸ್ತಾಳೆ.

ಇದರ ವಿರುದ್ಧ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ದೂರು ಕೊಟ್ಟು ಹೋರಾಟ ಮಾಡಿತು. ಕಪ್ಪಗಿದ್ದವಳಿಗೆ ಬದುಕೇ ಇಲ್ಲ ಅನ್ನೋ ಹಾಗೆ ತೋರಿಸೋದು ಹೆಣ್ಣಿಗೆ ಅವಮಾನ ಅನ್ನೋದು ಅವರ ವಾದ. 2003ರಲ್ಲಿ ಇಂಥ ಜಾಹೀರಾತುಗಳು ಟಿವಿಯಿಂದ ಇಳಿದವು. ಅದೇ ವರ್ಷ ಕಂಪನಿ ಹೆಣ್ಣುಮಕ್ಕಳ ಓದಿಗೆ ನೆರವಾಗುವ ಫೌಂಡೇಶನ್ ಶುರು ಮಾಡಿತು.

ಗಂಡಸರೂ ಹೊರಗುಳಿಯಲಿಲ್ಲ. 2005ರಲ್ಲಿ ಇಮಾಮಿ ಕಂಪನಿ ಫೇರ್ ಅಂಡ್ ಹ್ಯಾಂಡ್‌ಸಮ್ ತಂದಿತು. ಮುಂದೆ ಶಾರುಖ್ ಖಾನ್ ಅದರ ಜಾಹೀರಾತಿಗೆ ಬಂದರು. 2006ರಲ್ಲಿ ಫೇರ್ ಅಂಡ್ ಲವ್ಲಿಯೂ ಗಂಡಸರಿಗೆ ಮೆನ್ಸ್ ಆ್ಯಕ್ಟಿವ್ ಅಂತ ಬಿಟ್ಟಿತು.

2009ರಲ್ಲಿ ಚೆನ್ನೈನಲ್ಲಿ ಕಪ್ಪು ಸುಂದರ ಅನ್ನೋ ಅರ್ಥದ "ಡಾರ್ಕ್ ಈಸ್ ಬ್ಯೂಟಿಫುಲ್" ಅಭಿಯಾನ ಶುರುವಾಯ್ತು. 2013ರಲ್ಲಿ ನಟಿ ನಂದಿತಾ ದಾಸ್ ಅದರ ಮುಖವಾದಾಗ ಮಾತು ಮನೆಮನೆಗೆ ಮುಟ್ಟಿತು. 2014ರಲ್ಲಿ ಜಾಹೀರಾತು ಗುಣಮಟ್ಟ ಮಂಡಳಿ ಒಂದು ನಿಯಮ ಮಾಡಿತು: ಬಣ್ಣ ಕಪ್ಪಗಿದ್ದವರನ್ನು ಸೋತವರು, ಮದುವೆ ಆಗದವರು, ಕೆಲಸ ಸಿಗದವರು ಅಂತ ತೋರಿಸುವ ಹಾಗಿಲ್ಲ.

2020: ಹೆಸರು ಬಿದ್ದ ವರ್ಷ

ಪ್ಯಾಕೆಟ್ ಮೇಲೆ ಕಪ್ಪಿಂದ ಬಿಳಿಗೆ ಹೋಗುವ ಎರಡು ಮುಖ, ಬಣ್ಣ ಅಳೆಯುವ ಪಟ್ಟಿ ಇದ್ದದ್ದು ಹಳಬರಿಗೆ ನೆನಪಿರಬಹುದು. 2019ರಲ್ಲೇ ಕಂಪನಿ ಇವೆರಡನ್ನೂ ತೆಗೆದುಹಾಕಿತ್ತು. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಕರಡು ತಿದ್ದುಪಡಿ ಹೊರಡಿಸಿತು. ಚರ್ಮ ಬೆಳ್ಳಗೆ ಮಾಡ್ತೀವಿ ಅನ್ನೋ ಜಾಹೀರಾತನ್ನೂ ನಿಷೇಧದ ಪಟ್ಟಿಗೆ ಸೇರಿಸಿ, ಮತ್ತೆ ಮತ್ತೆ ತಪ್ಪು ಮಾಡಿದರೆ 5 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅನ್ನೋ ಪ್ರಸ್ತಾಪ ಅದರಲ್ಲಿತ್ತು.

ಮೇ ತಿಂಗಳಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತರು. ಪ್ರತಿಭಟನೆ ಜಗತ್ತಿನಾದ್ಯಂತ ಹಬ್ಬಿತು. ಅಲ್ಲಿ ವರ್ಣಭೇದ ಬೇಡ ಅನ್ನೋ ಕಂಪನಿಗಳೇ ಇಲ್ಲಿ ಬಿಳಿ ಬಣ್ಣ ಮಾರ್ತಾ ಇದಾವಲ್ಲ ಅನ್ನೋ ಪ್ರಶ್ನೆ ಎದ್ದಿತು. ಜಾನ್ಸನ್ ಅಂಡ್ ಜಾನ್ಸನ್ ಇಂಥ ಕ್ರೀಮ್‌ಗಳನ್ನೇ ನಿಲ್ಲಿಸಿತು. ಶಾದಿ ಡಾಟ್ ಕಾಮ್ ವಧು-ವರರನ್ನು ಮೈಬಣ್ಣದ ಮೇಲೆ ಹುಡುಕುವ ಸೌಲಭ್ಯ ತೆಗೆಯಿತು. ಜೂನ್ 25ರಂದು ಹಿಂದೂಸ್ತಾನ್ ಯೂನಿಲಿವರ್ "ಫೇರ್" ಪದ ಕೈಬಿಡುವುದಾಗಿ ಹೇಳಿತು. ಜುಲೈ 2ರಂದು ಹೊಸ ಹೆಸರು ಬಂತು, ಗ್ಲೋ ಅಂಡ್ ಲವ್ಲಿ.

ಗಂಡಸರ ಕ್ರೀಮ್‌ಗೆ ಗ್ಲೋ ಅಂಡ್ ಹ್ಯಾಂಡ್‌ಸಮ್ ಅಂತ ಇಟ್ಟಾಗ ಇಮಾಮಿ ತಕರಾರು ತೆಗೆಯಿತು. ಜಗಳ ಕೋರ್ಟ್ ಮೆಟ್ಟಿಲೇರಿತು. ಕೊನೆಗೆ 2025ರಲ್ಲಿ ಇಮಾಮಿಯೂ ತನ್ನ "ಫೇರ್" ಬಿಟ್ಟು ಸ್ಮಾರ್ಟ್ ಅಂಡ್ ಹ್ಯಾಂಡ್‌ಸಮ್ ಆಯ್ತು.

ಒಳಗಿರೋದು ಏನು?

ಮುಖ್ಯವಾದದ್ದು ಎರಡು. ಒಂದು ನಯಾಸಿನಮೈಡ್, ಅಂದ್ರೆ ವಿಟಮಿನ್ ಬಿ3. ಇನ್ನೊಂದು ಬಿಸಿಲು ತಡೆಯುವ ಸನ್‌ಸ್ಕ್ರೀನ್. ಹಳೇ ಹೆಸರಿನಲ್ಲೂ ಇವೇ ಇದ್ದವು, ಹೊಸ ಹೆಸರಿನಲ್ಲೂ ಇವೇ ಇವೆ.

ನಮ್ಮ ಚರ್ಮದ ಬಣ್ಣಕ್ಕೆ ಕಾರಣ ಮೆಲನಿನ್. ಅದು ಚರ್ಮದ ಕೆಳಪದರದಲ್ಲಿ ಹುಟ್ಟಿ ಮೇಲಿನ ಕೋಶಗಳಿಗೆ ಹೋಗುತ್ತೆ. ನಯಾಸಿನಮೈಡ್ ಆ ಸಾಗಾಟವನ್ನು ಸ್ವಲ್ಪ ನಿಧಾನ ಮಾಡುತ್ತೆ. ಪರಿಣಾಮ ಕಾಣೋಕೆ ವಾರಗಟ್ಟಲೆ ಬೇಕು, ಹಚ್ಚೋದು ಬಿಟ್ಟರೆ ಮೊದಲಿನ ಹಾಗೇ. ಬಿಸಿಲಿಗೆ ಕಂದಿದ್ದು, ಕಲೆ ಆಗಿದ್ದು ತುಸು ತಿಳಿಯಾಗಬಹುದು. ಹುಟ್ಟಿನಿಂದ ಬಂದ ಬಣ್ಣ ಇಂಥ ಕ್ರೀಮ್‌ನಿಂದ ಬದಲಾಗಲ್ಲ. ಆ ಮೆಲನಿನ್ನೇ ನಮ್ಮ ಬಿಸಿಲಿಗೆ ನಮಗಿರೋ ಕೊಡೆ.

ನಿಜವಾದ ಅಪಾಯ ಬೇರೆ ಕಡೆ ಇದೆ

ದೊಡ್ಡ ಬ್ರಾಂಡ್ ಹೆಸರು ಬದಲಿಸಿತು, ಜನರ ಆಸೆ ಬದಲಾಗಲಿಲ್ಲ. "ಇದರಲ್ಲಿ ಏನೂ ಆಗ್ಲಿಲ್ಲ, ಜೋರಾಗಿ ಕೆಲಸ ಮಾಡೋದು ಕೊಡಿ" ಅನ್ನೋ ಗಿರಾಕಿಗೆ ಸಿಗೋದು ಎರಡು ಬಗೆಯ ಮಾಲು.

ಒಂದು, ಮೆಡಿಕಲ್ ಶಾಪ್‌ನ ಸ್ಟಿರಾಯ್ಡ್ ಕ್ರೀಮ್. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಇರುವಂಥವು. ಇವು ಚರ್ಮರೋಗಕ್ಕೆ ಔಷಧಿ, ಮುಖಕ್ಕೆ ದಿನಾ ಹಚ್ಚೋ ಕ್ರೀಮ್ ಅಲ್ಲ. ಮೊದಲ ವಾರ ಮುಖ ಹೊಳೆಯುತ್ತೆ. ಆಮೇಲೆ ಚರ್ಮ ತೆಳುವಾಗುತ್ತೆ, ಕೆಂಪಾಗುತ್ತೆ, ಮೊಡವೆ ಏಳುತ್ತೆ, ಕೂದಲು ಬೆಳೆಯುತ್ತೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲ.

ಎರಡು, ವಿಳಾಸವಿಲ್ಲದ ಕ್ರೀಮ್. ಇಂಥವುಗಳಲ್ಲಿ ಕೆಲವಕ್ಕೆ ಪಾದರಸ ಬೆರೆಸಿರ್ತಾರೆ. ಪಾದರಸ ಬೇಗ ಬೆಳ್ಳಗೆ ಮಾಡುತ್ತೆ, ಹಾಗೇ ಚರ್ಮದ ಮೂಲಕ ಒಳಗಿಳಿದು ಕಿಡ್ನಿ ಕೆಡಿಸುತ್ತೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ವೈದ್ಯರು 2021ರಿಂದ 2023ರವರೆಗೆ ಒಂದೇ ಬಗೆಯ ಕಿಡ್ನಿ ರೋಗದ 22 ಜನರನ್ನು ನೋಡಿದರು. ಅವರಲ್ಲಿ 13 ಜನ ಬಿಳುಪಿನ ಕ್ರೀಮ್ ಹಚ್ಚುತ್ತಿದ್ದವರು. ಹಚ್ಚೋದು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ಕೊಳ್ಳುವಾಗ, ಮಾರುವಾಗ ನೋಡಬೇಕಾದ್ದು

- ತಯಾರಕರ ಹೆಸರು, ಪೂರ್ತಿ ವಿಳಾಸ ಇದೆಯಾ?
- ಬ್ಯಾಚ್ ನಂಬರ್, ತಯಾರಿಕಾ ಲೈಸೆನ್ಸ್ ನಂಬರ್, ಯಾವಾಗಿನವರೆಗೆ ಬಳಸಬಹುದು ಅನ್ನೋ ದಿನಾಂಕ ಇದೆಯಾ?
- ಹೊರದೇಶದ ಮಾಲಾದರೆ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ನಂಬರ್ ಇದೆಯಾ?
- ಒಳಗೆ ಏನೇನಿದೆ ಅನ್ನೋ ಪಟ್ಟಿ ಇದೆಯಾ? "ಮರ್ಕ್ಯುರಿ", "ಕ್ಯಾಲೊಮೆಲ್" ಅಂತಿದ್ದರೆ ಮುಟ್ಟಬೇಡಿ.
- ಹೆಸರು, ಡಬ್ಬಿಯ ಬಣ್ಣ ಅಸಲಿ ಥರ ಇದ್ದು, ಒಂದೆರಡು ಅಕ್ಷರ ಹೆಚ್ಚುಕಮ್ಮಿ ಇದ್ದರೆ ಅದು ನಕಲಿ.
- "7 ದಿನದಲ್ಲಿ ಬಿಳುಪು ಗ್ಯಾರಂಟಿ" ಅಂತ ಬರೆದಿದ್ದರೆ ಅನುಮಾನ ಪಡಿ.

ಅಂಗಡಿಯವರಿಗೆ ಒಂದು ಮಾತು: ಯಾವ ಮಾಲೇ ಆಗಲಿ ಬಿಲ್ ಇಲ್ಲದೆ ತರಬೇಡಿ. ಬ್ಯಾಗ್‌ನಲ್ಲಿ ತಂದು ಜಾಸ್ತಿ ಮಾರ್ಜಿನ್ ಕೊಡ್ತೀನಿ ಅನ್ನೋವನು ನಾಳೆ ಸಿಗಲ್ಲ. ತಪಾಸಣೆಗೆ ಬಂದಾಗ, ಗಿರಾಕಿ ಸುಟ್ಟ ಮುಖ ತಂದು ನಿಂತಾಗ, ಉತ್ತರ ಕೊಡಬೇಕಾದವರು ನೀವೇ.

ಮನೆಯವರಿಗೂ ಒಂದು ಮಾತು. 50 ವರ್ಷದಲ್ಲಿ ಪ್ಯಾಕೆಟ್ ಬದಲಾಯ್ತು, ಜಾಹೀರಾತು ಬದಲಾಯ್ತು, ಹೆಸರೂ ಬದಲಾಯ್ತು. ಹೆಣ್ಣು ನೋಡೋಕೆ ಬಂದವರು "ಹುಡುಗಿ ಸ್ವಲ್ಪ ಬಣ್ಣ ಕಮ್ಮಿ" ಅನ್ನೋದು ಮಾತ್ರ ನಿಂತಿಲ್ಲ. ಹತ್ತನೇ ಕ್ಲಾಸ್ ಹುಡುಗಿ ವಿಳಾಸವಿಲ್ಲದ ಡಬ್ಬಿ ಹುಡುಕಿಕೊಂಡು ಹೋಗೋದು ಆ ಮಾತು ಕೇಳಿಯೇ. ಆ ಮಾತು ನಿಲ್ಲಿಸೋಕೆ ಯಾವ ಕಂಪನಿಯೂ ಬೇಡ, ಖರ್ಚೂ ಇಲ್ಲ.